ಕೊಸರು

ರಾತ್ರಿ ಒಂದೂವರೆ. ಟ್ಯಾಲಹ್ಯಾಸಿಯಲ್ಲಿ ಕರೆಂಟು ಅಗ್ಗವಾಗುವ ಹೊತ್ತು.
ಹೊರಗೆ ಆಗಸ್ಟಿನ ಧಗೆ, ಓಕ್ ಮರದ ಜಡೆಪಾಚಿಯೂ ಬೆವರುತ್ತಿದೆ.
ಒಳಗೆ, ನನ್ನ ಉಗುರಿಗಿಂತ ಚಿಕ್ಕದೊಂದು ಚೂರು
ಹೀಲಿಯಮ್ಮಿನ ಬಾವಿಗೆ ಇಳಿದಿದೆ.
ಗೋಡೆಯಾಚೆ ಅಯಸ್ಕಾಂತ ತಣಿಸುವ ನೀರು
ರೈಲು ಬಂದಂತೆ ಬರುತ್ತದೆ, ಬಂದು ಮುಗಿಯುವುದಿಲ್ಲ.

ಒರೆಥಾ ಗ್ಯಾಡ್ಸನ್ ಗೇಜು ನೋಡಿ ಹೇಳಿದಳು:
"ನಲವತ್ತೊಂದು. ಮೂರರವರೆಗೆ ಸಾಕು. ಆಮೇಲೆ ನಿನ್ನ ಪುಣ್ಯ."

ಆ ಚೂರಿನ ನಿಜ ನನಗೆ ಗೊತ್ತು.
ಬೆಸೆಯುವಾಗ ಕೈ ನಡುಗಿ ಒಂದು ತಂತಿ ಓರೆ,
ಇಕ್ಕಳ ಜಾರಿ ಒಂದು ಮೂಲೆ ಮುಕ್ಕು.
ಎರಡು ಪದರದ ನಡುವೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳಿಗೆ
ಮೇಲೆಂಬುದಿಲ್ಲ, ಕೆಳಗೆಂಬುದಿಲ್ಲ,
ಎಡ ಬಲ ಹಿಂದು ಮುಂದು, ಅಷ್ಟೇ ಲೋಕ.

ಗುಂಡಿ ತಿರುಗಿಸಿದೆ. ಆರು ಟೆಸ್ಲಾ. ಒಂಬತ್ತು.
ನಡುವಿನವೆಲ್ಲ ಗಾಣದೆತ್ತುಗಳಾದವು,
ಕೊಳೆಯ ಸಣ್ಣ ಸಣ್ಣ ದಿಬ್ಬ ಸುತ್ತುತ್ತ ಅಲ್ಲಲ್ಲೇ.
ಅಂಚಿನವು ಮಾತ್ರ
ಗೋಡೆಗೆ ತಾಗಿ, ಪುಟಿದು, ತಾಗಿ, ಪುಟಿದು
ಒಂದೇ ದಿಕ್ಕಿಗೆ ನಡೆದವು. ತಿರುಗಿ ಬರಲು ದಾರಿಯೇ ಇಲ್ಲ.
ಉದ್ದದ ತಡೆ ಕುಸಿಯಿತು, ಕುಸಿದು ಸೊನ್ನೆ.
ಅಡ್ಡದ ತಡೆ ಏರಿತು, ಏರಿ
ನಿಂತಿತು.

ಹದಿನಾಲ್ಕು ಟೆಸ್ಲಾ, ಹದಿನೈದು. ಅಲುಗಲಿಲ್ಲ.
ಇಪ್ಪತ್ತೈದು ಸಾವಿರದ ಎಂಟುನೂರ ಹನ್ನೆರಡು ಓಮ್,
ಮುಂದಿನ ಚಿಲ್ಲರೆಯೂ ಸರಿಯಾಗಿ.

ಅಪ್ಪ ಬ್ಯಾಡಗಿ ಪೇಟೆಯಲ್ಲಿ ತೂಕದ ಇನ್ಸ್‌ಪೆಕ್ಟರು.
ತಳ ಕೊರೆದು ಅರಗು ತುಂಬಿದ ಬಟ್ಟುಗಳನ್ನು
ಅಂಗೈಮೇಲೆ ಒಮ್ಮೆ ಹಾರಿಸಿಯೇ ಹಿಡಿಯುತ್ತಿದ್ದರು,
ಮೆಣಸಿನಕಾಯಿ ಘಾಟಿಗೆ ಸೀನುತ್ತ ಮುದ್ರೆ ಒತ್ತುತ್ತಿದ್ದರು.
ಮನೆಯಲ್ಲಿ ಮಖಮಲ್ಲಿನ ಪೆಟ್ಟಿಗೆ, ಹಿತ್ತಾಳೆ ಬಟ್ಟು, ಮುಟ್ಟಿದರೆ ಏಟು.
ಇದನ್ನು ಯಾರು ತೂಗಿದ್ದು? ಧಾರವಾಡದ ಪೆಟ್ಟಿಗೆ.
ಅದನ್ನು? ಬೆಂಗಳೂರಿನದು. ಅದನ್ನು? ದಿಲ್ಲಿಯದು.
ಅದನ್ನು? ಪ್ಯಾರಿಸ್ಸಿನಲ್ಲಿ ಗಾಜಿನ ಬೋಗುಣಿ ಮುಚ್ಚಿಟ್ಟದ್ದು ಒಂದಿದೆಯಂತೆ.
ಅದನ್ನು?
ಸುಮ್ನ ಮಕ್ಕೋ, ಅಂದರು.

ಅಪ್ಪಾ, ಈ ಮುಕ್ಕು ಚೂರನ್ನು ಯಾರೂ ತೂಗಿಲ್ಲ.
ಇದಕ್ಕೆ ಮುದ್ರೆ ಇಲ್ಲ, ಮಖಮಲ್ಲಿಲ್ಲ.
ಇನ್ನಷ್ಟು ಒರಟಾಗಿ ಕತ್ತರಿಸಿದ್ದರೂ ಇದೇ ಸಂಖ್ಯೆ ಹೇಳುತ್ತಿತ್ತು.
ಇನ್ನೊಂದು ಮಾತು ಹೇಳಿದರೆ ನೀವು ಬೈಯುತ್ತೀರಿ:
ತೀರ ಶುದ್ಧ ಮಾಡಿದರೆ ಈ ಮೆಟ್ಟಿಲೇ ಸಿಗುವುದಿಲ್ಲ.
ಸುತ್ತಲಿಕ್ಕೆ ಒಂದಿಷ್ಟು ಕೊಳೆ ಬೇಕು.

ಮೂರಕ್ಕೆ ಹೀಲಿಯಂ ಮುಗಿಯಿತು. ಸಂಖ್ಯೆ ಜಾರಿತು.
ನೀರಿನ ರೈಲು ಎಲ್ಲೋ ನಿಂತಿತು.
ಒರೆಥಾ ಬೇಯಿಸಿದ ಶೇಂಗಾ ಪೊಟ್ಟಣ ಬಿಚ್ಚಿದಳು, ಇನ್ನೂ ಒದ್ದೆ, ಉಪ್ಪುಪ್ಪು.
ಹೆದ್ದಾರಿ ಬದಿಯ ಮುದುಕನ ಹತ್ತಿರ ತಕ್ಕಡಿ ಇಲ್ಲವಂತೆ,
ಸೌಟಿನಲ್ಲಿ ಅಳೆದು ಹಾಕುತ್ತಾನೆ, ಆಮೇಲೆ ಮುಖ ನೋಡಿ
ಮತ್ತರ್ಧ ಸೌಟು.
ಅದಕ್ಕೆ ನಮ್ಮಲ್ಲಿ ಕೊಸರು ಅನ್ನುತ್ತಾರೆ, ಅಂದೆ.
"ಕೊಸ್ರೂ," ಅಂದಳು, ಸಿಪ್ಪೆ ಉಗಿದು. "ಸಿಕ್ಕಿತಾ ನಿನ್ನ ನಂಬರು?"

ಸಿಕ್ಕಿತು.
ಅದರ ಮೇಲೆ ಒಂದು ಕಾಳೂ ಹೆಚ್ಚಿಗೆ ಕೊಡಲಿಲ್ಲ.