ಹಳದಿ ಸೀಮೆಸುಣ್ಣ

ಶನಿವಾರ, ಬೆಳಗಿನ ಶಾಲೆ.
ಡ್ರಾಯಿಂಗ್ ರೂಮಿನ ಕಿಟಕಿಗೆ ಕಂಬಳಿ ಹೊದಿಸಿ
ದಾವಣಗೆರೆಯ ಬಿಸಿಲನ್ನು ಹೊರಗಿಟ್ಟೆವು.
ಪ್ರೊಜೆಕ್ಟರು ಎರವಲು, ಪರದೆ ನಮ್ಮಪ್ಪನ ಮಿಲ್ಲಿನ ಪಂಚೆ.
ಏಳನೇ ಕ್ಲಾಸಿನ ಐವತ್ತೆರಡು ಮಕ್ಕಳು ನೆಲದ ಮೇಲೆ,
ಮಡಿಲಲ್ಲಿ ಮಂಡಕ್ಕಿ.

ಎಲ್ಲಿಯದೋ ದೇಶ, ಎಲ್ಲಿಯದೋ ಹಿಮ.
ಮಿಲ್ಲಿನ ಹತ್ತಿ ಹಾರಿದಂಗೆ ಐತೆ ಅಂದಳು ನಾಗವೇಣಿ,
ಅವಳು ಹುಟ್ಟುವ ಮೊದಲೇ ಮುಚ್ಚಿದ ಮಿಲ್ಲು.

ಸಿನಿಮಾದಲ್ಲೊಬ್ಬ ಪುಟ್ಟಿ. ಆಗಷ್ಟೇ ಎಣಿಸಲು ಕಲಿತವಳು.
ಬಾತುಕೋಳಿ ಎಣಿಸುತ್ತಾಳೆ, ಅಂಗಿಯ ಗುಂಡಿ ಎಣಿಸುತ್ತಾಳೆ,
ಅಜ್ಜಿಯ ಬಾಯಲ್ಲಿ ಉಳಿದ ಹಲ್ಲು.
ಬೂಟಿನವರು ಬಂದಾಗ ಎಲ್ಲರನ್ನೂ ಗೋಡೆಗೆ ನಿಲ್ಲಿಸಿದರು.
ಒಬ್ಬ ಮಂಡಿಯೂರಿ ಕೇಳುತ್ತಾನೆ, ಎಷ್ಟು ಮೆತ್ತಗೆ:
ಮಗೂ, ಮೇಜಿನ ಮೇಲೆ ಚಮಚ ಎಷ್ಟು?
ಒಂದು, ಎರಡು, ಮೂರು,
ನಾಲ್ಕಕ್ಕೆ ಅವಳಮ್ಮ ಕಣ್ಣು ಮುಚ್ಚುತ್ತಾಳೆ,
ಐದು.
ಮನೆಯಲ್ಲಿ ಇದ್ದದ್ದು ನಾಲ್ಕೇ ಜನ.
ತಪ್ಪಿಲ್ಲದೆ ಎಣಿಸಿದ್ದಕ್ಕೆ ಅವನು ಚಪ್ಪಾಳೆ ತಟ್ಟಿದ.
ನಮ್ಮ ಮಕ್ಕಳೂ ತಟ್ಟಿದರು.

ಆಮೇಲೆ ಅಟ್ಟದಿಂದ ಇಳಿಸಿದ ಯಹೂದಿ ಹುಡುಗ,
ಅವನೆದೆಯ ಹಳದಿ ನಕ್ಷತ್ರ, ರೈಲು.
ಬತ್ತಲೆ ಗಂಡಸರ ಸಾಲು ಕಂಡಾಗ
ಹಿಂದಿನವರು ಕಿಸಕ್ಕೆಂದರು.
ಬೈಯಲು ಬಾಯಿ ತೆರೆದೆ, ಆಗಲಿಲ್ಲ.
ನಗದೆ ಮತ್ತೇನು ಮಾಡಬೇಕಿತ್ತು ಅವರು?
ಲೈಟು ಹಾಕಿದಾಗ ತಿಪ್ಪೇಶ ಎದ್ದು ನಿಂತ:
ಮಿಸ್, ಬಾತುಕೋಳಿಗೆ ಇನ್ಮೇಲೆ ಕಾಳು ಹಾಕೋರು ಯಾರ್ರೀ?

ಕಂಬಳಿ ತೆಗೆದರೆ ಮಿಲ್ಲಿನ ಚಿಮಣಿ.
ಹೋಲಿಸಬಹುದಿತ್ತು. ಹೋಲಿಸಲಾರೆ.
ಅದರ ಹೊಗೆ ನಮ್ಮಪ್ಪನ ಸಂಬಳ, ನನ್ನ ಹಬ್ಬದ ಲಂಗ.
ಈಗ ತುದಿಗೆ ಒಂದು ಹದ್ದು ಕೂತಿರುತ್ತದೆ, ಅಷ್ಟೇ.

ಸೋಮವಾರ ಊಟದ ಬೆಲ್ಲಾದ ಮೇಲೆ
ಬೇವಿನ ಮರದಡಿ ಹೊಸ ಆಟ.
ಎಲ್ಲರಿಗೂ ಬೂಟಿನವರೇ ಆಗಬೇಕು,
ಬರಿಗಾಲಲ್ಲೇ ಠಕ್ ಠಕ್.
ಯಹೂದಿ ಒಬ್ಬ ಬೇಕಲ್ಲ,
ಲೇ ಗೌಸಪೀರ, ನೀನಾಗಲೇ.
ಅವನೇ ಯಾಕೆ?
ಲೇಟಾಗಿ ಬಂದ ಮಿಸ್. ಚಲೋ ಓಡ್ತಾನೆ ಮಿಸ್.
ಭಟ್ಟಿಯ ಹೊಟ್ಟಿನ ಹೊಗೆ ಹಿಡಿದ ಅವನ ಅಂಗಿಯ ಸುದ್ದಿ
ಯಾರೂ ಎತ್ತಲಿಲ್ಲ.

ನನ್ನ ಡಬ್ಬಿಯದೇ ಸೀಮೆಸುಣ್ಣ.
ಕೊಟ್ರೇಶಿ ಬರೆಯುತ್ತಿದ್ದ, ಒಂದರ ಮೇಲೊಂದು ತ್ರಿಕೋನ;
ಸ್ಕೇಲಿಲ್ಲದೆ ಗೆರೆ ಎಳೆಯುವುದು ನಾನೇ ಕಲಿಸಿದ್ದು.
ಗೌಸಪೀರ ನಗುತ್ತ ನಿಂತಿದ್ದ,
ಗೆರೆ ಸೊಟ್ಟಗಾಗಬಾರದೆಂದು
ಅಂಗಿಯನ್ನು ಎರಡೂ ಕೈಯಲ್ಲಿ
ಬಿಗಿಯಾಗಿ ಎಳೆದು ಹಿಡಿದು.

ನನಗೂ ಎಂಟು ವರ್ಷವಿತ್ತು ಒಂದು ಕಾಲಕ್ಕೆ.
ಮಿಲ್ ಕ್ವಾರ್ಟರ್ಸಿನಲ್ಲಿ ಎದುರು ಮನೆ
ಒಂದು ರಾತ್ರಿ ಖಾಲಿಯಾಯಿತು.
ದೊಡ್ಡವರು ಒಳಗೆ ಪಿಸುಗುಡುತ್ತಿದ್ದರು.
ಖುರ್ಷಿದಾಳ ಗಜ್ಜುಗ ಮೆಟ್ಟಿಲ ಮೇಲೆ ಉಳಿದಿದ್ದವು, ನಾಲ್ಕು.
ಎತ್ತಿಕೊಂಡೆ. ಬೇಸಿಗೆ ಪೂರ್ತಿ ಆಡಿದೆ.
ದುಃಖವಾಯಿತೇ ಎಂದರೆ, ಇಲ್ಲ.
ಐದನೆಯದು ಎಲ್ಲಿ ಬಿತ್ತೋ ಎಂದು
ಚರಂಡಿಯಲ್ಲಿ ಹುಡುಕಿದ್ದು ಮಾತ್ರ ನೆನಪಿದೆ.

ಸೆರಗಿನಿಂದ ಒರೆಸಿದೆ ಅವನೆದೆ.
ನಕ್ಷತ್ರ ಹೋಯಿತು, ಹಳದಿ ಹರಡಿತು,
ಅವನ ಅಂಗಿಗೂ ನನ್ನ ಸೆರಗಿಗೂ.
ಬಿಡ್ರೀ ಮಿಸ್, ಅಂದ.
ನಾಳೆ ನಾನು ಬೂಟಿನವನು. ಪಾಳಿ ಐತೆ ನಮ್ದು.

ಪಾಳಿ. ಮಿಲ್ಲು ಹೋದರೂ ಊರಲ್ಲಿ ಉಳಿದ ಮಾತು.
ಮಂಗಳವಾರ ಕಿಟಕಿಯಲ್ಲಿ ನಿಂತು ಕಾದೆ.
ಬುಧವಾರವೂ ಓಡುತ್ತಿದ್ದವನು ಅವನೇ.
ಗುರುವಾರ ಕಬಡ್ಡಿ ಶುರುವಾಗಿ
ಎಲ್ಲರೂ ಮರೆತರು, ಅವನೂ.

ಹಳದಿ ತುಂಡನ್ನು ಯಾರೋ ಡಬ್ಬಿಗೆ ವಾಪಸಿಟ್ಟಿದ್ದಾರೆ,
ತುದಿಗೆ ಅಂಗಿಯ ಒಂದೆಳೆ ನೂಲು.
ಇವತ್ತು ಐದನೇ ಕ್ಲಾಸಿಗೆ ಸೂರ್ಯಕಾಂತಿ ಬಿಡಿಸಬೇಕು.
ಬೋರ್ಡಿನ ತುಂಬ ಎಲೆ ಬರೆಯುತ್ತಿದ್ದೇನೆ,
ಬರೀ ಎಲೆ.
ಹೂವೆಲ್ಲಿ ಮಿಸ್? ಅನ್ನುತ್ತಿದ್ದಾರೆ ಮಕ್ಕಳು.