ಮರಳಿ ಎಂಬ ಕಾಲಮ್ಮು

ಎನ್.ಟಿ. ರಸ್ತೆಯ ಪಾರ್ಸೆಲ್ ಆಫೀಸಿನಲ್ಲಿ
ಹದಿನೇಳು ವರ್ಷ ನಾನು ಬರೆದದ್ದು ಮೂರೇ ಸಂಗತಿ:
ಏನು, ಎಷ್ಟು ಕೆ.ಜಿ., ಯಾರಿಗೆ.
ಮರಳುವಾಗ ಗಾಡಿಯಲ್ಲಿ ಏನಿತ್ತು ಎಂಬುದಕ್ಕೆ
ನನ್ನ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಏನೂ ಇರುತ್ತಿರಲಿಲ್ಲ ಬಿಡಿ.
ಒಂದು ಹಗ್ಗ, ಮಡಚಿದ ಟಾರ್ಪಾಲು,
ಹಿಂಬಾಗಿಲ ತಗಡಿನ ಗಡಗಡ.
ತುಂಬಿದ ಕೊಡದ ಗಾದೆ ಲಗೇಜ್ ಆಟೋಗೂ ಸಲ್ಲುತ್ತದೆ;
ತಿರುವಿನಲ್ಲಿ ಸದ್ದು ಕೇಳಿದರೆ ಸಾಕು,
ತಲೆಯೆತ್ತದೆ ಹೇಳುತ್ತಿದ್ದೆ: ಖಾಲಿ.

ದುರ್ಗಿಗುಡಿಯ ಟೈಲರ್ ದೇವೇಂದ್ರಪ್ಪ
ಬಿಳಿ ಬಟ್ಟೆ ಹೊಲಿಯುವುದನ್ನು ಹನ್ನೊಂದಕ್ಕೇ ನಿಲ್ಲಿಸುತ್ತಿದ್ದ.
ಅಷ್ಟೊತ್ತಿಗೆ ಅಂಗಡಿಯೊಳಗೆ ಹೊಗೆ
ಅಳತೆ ಕೊಡಲು ಬಂದು ನಿಂತಿರುತ್ತಿತ್ತು.

ಒಂದು ಸೋಮವಾರ ವಿನೋಬನಗರದಲ್ಲಿ
ಕಟ್ಟುತ್ತಿದ್ದ ಒಂದೇ ಮನೆಯ ಮುಂದೆ ನಾಲ್ಕು ಗಾಡಿ:
ಒಂದರಲ್ಲಿ ಪೇಂಟು, ಒಂದರಲ್ಲಿ ಪ್ಲೈವುಡ್ಡು,
ಒಂದರಲ್ಲಿ ನಲ್ಲಿ ಪೈಪು, ಇನ್ನೊಂದರಲ್ಲಿ
ನಂಬಿ, ಬರೀ ಎರಡು ಬೀಗ.
ನಾಲ್ಕೂ ಹೊರಟದ್ದು ಕೂಗಿದರೆ ಕೇಳುವಷ್ಟು ಹತ್ತಿರದ ಅಂಗಡಿಗಳಿಂದ.
ಮೇಸ್ತ್ರಿ ನಕ್ಕ:
'ಬಾಗಿಲೇ ಇಲ್ಲದ ಮನೆಗೆ ದಿಬ್ಬಣ ಬಂತಲ್ರೋ!'

ಅಂಗಡಿಯವರನ್ನು ಕೂರಿಸಿ ಹೇಳಿದೆ:
ಎಲ್ಲಿಗೆ ಕಳಿಸ್ತೀರಿ ಅಂತ ಒಬ್ಬರಿಗೊಬ್ಬರು ತಿಳಿಸಿ.
ಟೀ ಆರಿತು. ಯಾರೂ ಬಾಯಿ ಬಿಡಲಿಲ್ಲ.
ಕೊನೆಗೆ ನಲ್ಲಿ ಅಂಗಡಿಯ ಚಂಪಾಲಾಲ್:
'ಗಿರಾಕಿ ಹೆಸರು ಅಂದ್ರೆ ಗಲ್ಲಾಪೆಟ್ಟಿಗೆ ಕೀ, ಅಮ್ಮಾ.'
ಪೇಂಟಿನ ಶೆಣೈ ಗೋಡೆ ನೋಡುತ್ತಿದ್ದರು.
ಪಕ್ಕದ ಪ್ಲೈವುಡ್ ಸಾದಿಕ್ ಸಾಹೇಬರ ಬೋರ್ಡು
ತಮ್ಮ ಬೋರ್ಡಿಗೆ ಅಡ್ಡ ಬಂದ ಮೇಲೆ
ಹನ್ನೊಂದು ವರ್ಷ ಮಾತಿಲ್ಲ.

ಹೆಸರು ಬೇಡ ಅಂದೆ.
ಬೀದಿ ಸಾಕು, ತೂಕ ಸಾಕು, ಗಂಟೆ ಸಾಕು.
ಅಡುಗೆಯ ಗುಟ್ಟು ಯಾರಿಗೆ ಬೇಕು,
ಒಲೆ ಹಚ್ಚುವ ಹೊತ್ತು ಹೇಳಿ.

ಈಗ ರಾತ್ರಿ ಒಂಬತ್ತಕ್ಕೆ
ನಮ್ಮ ಆಫೀಸಿನ ರಜಿಯಾಳ ಫೋನು ಟಿಣ್ ಅನ್ನುತ್ತದೆ:
ಅರವತ್ತಡಿ ರಸ್ತೆ, ಎಂಬತ್ತು ಕೆ.ಜಿ., ಹತ್ತರೊಳಗೆ.
ಗೋಪಾಳ, ನೂರಿಪ್ಪತ್ತು, ಒಡೆಯುವ ಸಾಮಾನು.
ಅರವತ್ತಡಿ ರಸ್ತೆ, ಇನ್ನೂರು, ಉದ್ದದ್ದು.
ಒಂದೇ ಬೀದಿಯವನ್ನು ಅವಳು ಒಟ್ಟಿಗೆ ಸೇರಿಸುತ್ತಾಳೆ,
ಜಡೆಗೆ ಎಳೆ ತೆಗೆದುಕೊಂಡ ಹಾಗೆ.

ಮೊದಲ ವಾರವೇ ಡಬ್ಬ ಉರುಳಿ
ಪ್ಲೈವುಡ್ಡಿನ ಮೇಲೆ ಪೇಂಟು ಚೆಲ್ಲಿತು. ಆಕಾಶನೀಲಿ.
ಶೆಣೈ, ಸಾದಿಕ್ ಸಾಹೇಬರು
ರಸ್ತೆಯಲ್ಲೇ ನಿಂತು ಒಂದು ಗಂಟೆ ಕೂಗಾಡಿದರು.
ನಾನು ತಡೆಯಲಿಲ್ಲ.
ಜಗಳವಾದರೂ ಮಾತೇ ತಾನೆ.

ಆದರೆ ಹಾಲೇಶಿ ಬಂದು ಬಾಗಿಲಲ್ಲಿ ನಿಂತ.
'ನಾಲ್ಕು ಗಾಡಿ ಎರಡಾದ್ರೆ, ಅಕ್ಕಾ,
ಆ ಎರಡರಲ್ಲಿ ನಾನಿದ್ದೀನಾ?'

ಇದಕ್ಕೂ ನನ್ನ ಪುಸ್ತಕದಲ್ಲಿ ಜಾಗವಿರಲಿಲ್ಲ.
ಸರದಿ ಹಾಕಿದೆವು. ಬಾಡಿಗೆಯನ್ನು ಕೆ.ಜಿ. ಲೆಕ್ಕಕ್ಕೆ ತಂದೆವು.
ಮರಳುವಾಗ ರಟ್ಟು, ಖಾಲಿ ಡಬ್ಬ, ವಾಪಸಾದ ಮಾಲು
ತುಂಬಿಕೊಂಡು ಬಂದರೆ ಅದಕ್ಕೂ ದುಡ್ಡು ಅಂದೆವು.
ಮೂವರಿಗೆ ಸಾಕಾಯಿತು.
ಲಾರೆನ್ಸನಿಗೆ ಆಗಲಿಲ್ಲ.
ಈಗ ಶಾಲೆಯ ವ್ಯಾನು ಓಡಿಸುತ್ತಾನೆ;
ಗೋಪಿ ಸರ್ಕಲ್ ಸಿಗ್ನಲ್ಲಿನಲ್ಲಿ ಕಂಡರೆ
ಒಮ್ಮೊಮ್ಮೆ ಹಾರ್ನ್ ಹೊಡೆಯುತ್ತಾನೆ, ಒಮ್ಮೊಮ್ಮೆ ಇಲ್ಲ.

ದೇವೇಂದ್ರಪ್ಪ ಈಗ ಹನ್ನೆರಡೂವರೆವರೆಗೂ
ಬಿಳಿ ಹೊಲಿಯುತ್ತಾನಂತೆ.
ಒಂದೂವರೆ ಗಂಟೆ. ಅಷ್ಟೇ.
ಬೇರೆ ಗಾಡಿಗಳ ಹೊಗೆಗೆ ನಮ್ಮ ಪಟ್ಟಿ ಗೊತ್ತಿಲ್ಲವಲ್ಲ.

ಹಾಲೇಶಿ ಸಾಲ ಮಾಡಿ ಬ್ಯಾಟರಿ ಗಾಡಿ ತಂದಿದ್ದಾನೆ.
ಬೆಕ್ಕಿನ ಹಾಗೆ ಬಂದು ನಿಲ್ಲುತ್ತದೆ.
ತುಂಬಿದೆಯೋ ಖಾಲಿಯೋ, ನನ್ನ ಕಿವಿಗೆ ತಿಳಿಯದು.
ಎದ್ದು ಹೋಗಿ ನೋಡಬೇಕು.

ಅದಕ್ಕೇ ಸ್ಕೇಲು ಇಟ್ಟು
ಪುಸ್ತಕದಲ್ಲಿ ಒಂದು ಗೆರೆ ಹೆಚ್ಚಿಗೆ ಎಳೆದೆ.
ಮೇಲೆ ಬರೆದೆ: ಮರಳಿ.
ಕೆಳಗೆ, ನಿನ್ನೆಯ ತಾರೀಖಿಗೆ:
ರಟ್ಟು ನಲವತ್ತು ಕೆ.ಜಿ.,
ಪೇಂಟಿನ ಖಾಲಿ ಡಬ್ಬ ಆರು,
ಲಾರೆನ್ಸ್ ಕೊಟ್ಟು ಕಳಿಸಿದ ಹಗ್ಗ ಒಂದು.
ಹಗ್ಗದ ತೂಕ ಹಾಕಿಲ್ಲ.