ನಳ ಬಂದ ದಿನ

ನಾಕು ದಿನಕ್ಕೊಮ್ಮೆ ನಳ ಬರುವ ಸೊಲ್ಲಾಪುರದಲ್ಲಿ
ತಲೆಸ್ನಾನಕ್ಕೂ ಒಂದು ತಿಥಿ ಇರುತ್ತದೆ.
ಮೊದಲು ಕುಡಿಯುವ ನೀರು, ಆಮೇಲೆ ಪಾತ್ರೆ, ಆಮೇಲೆ ಅರಿವೆ,
ಉಳಿದ ಎರಡು ಬಕೀಟು ನನ್ನ ತಲೆಗೆ.

ನನ್ನದು ನೆಟ್ಟಗಿನ ಕೂದಲಲ್ಲ.
ಗುಂಗುರೂ ಅಲ್ಲ.
ನೆತ್ತಿಯಿಂದ ಶಿಸ್ತಾಗಿಯೇ ಹೊರಟು
ಕಿವಿ ದಾಟಿದ ಮೇಲೆ ಮನಸ್ಸು ಬದಲಿಸುವಂಥದ್ದು,
ಹೊಸ್ತಿಲಲ್ಲಿ ಕನ್ನಡ ಶುರುಮಾಡಿ
ಓಣಿ ಮುಗಿಯುವಷ್ಟರಲ್ಲಿ ಮರಾಠಿಯಾಗುವ
ನಮ್ಮ ಮಾತಿನ ಹಾಗೆ.

ಶಾಳೆಯಲ್ಲಿ ದೇಶಮಾನೆ ಬಾಯಿ ಕೇಳುತ್ತಿದ್ದರು:
"ಕೇಸ ವಿಂಚರ್ಲೇ ನಾಹೀಸ್ ಕಾ?"
ಹಿಕ್ಕಿಕೊಂಡೇ ಹೋಗಿರುತ್ತಿದ್ದೆ.
ಹಿಕ್ಕಿದ್ದೇ ತಪ್ಪು ಎಂದು ತಿಳಿಯಲು
ಇನ್ನೂ ಹದಿನೈದು ವರ್ಷ ಬೇಕಿತ್ತು.

ಅವ್ವ ಬಟ್ಟಲು ಎಣ್ಣೆ ಸುರಿದು
ಹುಬ್ಬು ಮೇಲೇರುವಷ್ಟು ಬಿಗಿದು ಹಾಕುತ್ತಿದ್ದಳು ಎರಡು ಹೆರಳು.
ಸಂಜೆ ರಿಬ್ಬನ್ನು ಬಿಚ್ಚಿದರೆ ಮತ್ತೆ ಅದೇ ರಂಪ.
"ನಿಮ್ಮಪ್ಪನ ಕಡೀದು" ಎನ್ನುತ್ತಿದ್ದಳು,
ಹಳೆ ಸಾಲದ ಚೀಟಿ ತೋರಿಸುವವಳಂತೆ.
ಅಪ್ಪನ ತಲೆ ನಾನು ಬಲ್ಲಂದಿನಿಂದ ಬೋಳು.
ಸಾಕ್ಷಿ ಎಲ್ಲಿಂದ ತರಲಿ?

ಅಣ್ಣನ ಮದುವೆಗೆ ನವೀಪೇಠೆಯ ಪಾರ್ಲರಿನಲ್ಲಿ
ಮೂರು ಸಾವಿರ ಕೊಟ್ಟು ಇಸ್ತ್ರಿ ಹಾಕಿಸಿದೆ.
ಲೂಮಿನ ಪಟ್ಟಾ ಕಾದಾಗ ಬರುತ್ತದಲ್ಲ, ಅದೇ ವಾಸನೆ.
ಬೀಗರ ಪೈಕಿ ಯಾರೋ ಅವ್ವನನ್ನು ಕೇಳಿದರಂತೆ,
ನನ್ನ ಎದುರಿಗೇ:
"ನಿಮ್ಮ ಮಗಳು ಬರಲಿಲ್ಲೇನ್ರಿ?"

ಆರು ತಿಂಗಳಾಗುವಷ್ಟರಲ್ಲಿ
ಬುಡದಿಂದ ಬಂದದ್ದು ನನ್ನದು,
ತುದಿಗೆ ಜೋತುಬಿದ್ದದ್ದು ದುಡ್ಡಿನದು.
ಕತ್ತರಿಸಿಕೊಟ್ಟವಳು ಎದುರು ಮನೆಯ ಅಂಬಕ್ಕ,
ಬೀಡಿ ಎಲೆಯ ಕತ್ತರಿಯಿಂದಲೇ.
ತೆಲುಗಿನಲ್ಲಿ ಏನೇನೋ ಅಂದಳು.
"ಅಲಲು" ಎಂದದ್ದೊಂದು ತಿಳಿಯಿತು.
ಸಮುದ್ರ ನೋಡಿದವಳಲ್ಲ ಅವಳೂ.

ಅಲ್ಲಿಂದ ಕಲಿಕೆ.
ಒಣಗಿದ ತಲೆಗೆ ಹಣಿಗೆ ಮುಟ್ಟಿಸಬಾರದು,
ಹಸಿ ಇರುವಾಗಲೇ ಬೆರಳಾಡಿಸಬೇಕು.
ತಲೆ ಬಗ್ಗಿಸಿ ಕೆಳಗಿಂದ ಮೇಲಕ್ಕೆ
ಅಂಗೈಯಲ್ಲಿ ಹಿಡಿದು ಹಿಡಿದು ಬಿಡಬೇಕು;
ಹಿಟ್ಟು ನಾದುವ ಕೈ ಅಲ್ಲ,
ಹಸುಗೂಸಿನ ಮುಷ್ಟಿ ಬಿಡಿಸುವ ಕೈ.
ಅಗಸೆ ಕುದಿಸಿ, ಲೋಳೆ ಬಿಟ್ಟೊಡನೆ ಸೋಸಿ...
ಇಲ್ಲಿ ಅವ್ವ ಎದ್ದು ನಿಂತಳು:
"ಹಿಂಡಿ ಕುಟ್ಟೂ ಅಗಸಿ ತಲಿಗಿ ಹಚ್ಚಗೋತೀಯೇನ?
ನಾಳೆ ರೊಟ್ಟಿ ಕೂಡ ಏನ ತಿಂತಿ, ನಿನ್ನ ಹೆರಳು?"

ಎಲ್ಲಕ್ಕಿಂತ ಕಠಿಣ ಪಾಠ ಕೊನೆಯದು:
ಟಾವೆಲ್ಲಿನಿಂದ ಉಜ್ಜಬಾರದು.

ಅಪ್ಪ ಅಕ್ಕಲಕೋಟ ರೋಡಿನ ಕಾರಖಾನೆಯಲ್ಲಿ
ಮೂವತ್ತೊಂದು ವರ್ಷ ಟಾವೆಲ್ಲು ನೇಯ್ದವನು.
ನಮ್ಮ ಕಿಟಕಿಗೆ ಪರದೆ ಟಾವೆಲ್ಲು, ಟೀವಿಗೆ ಮುಸುಕು ಟಾವೆಲ್ಲು,
ನಾನು ಮಲಗಿದ ತೊಟ್ಟಿಲಿಗೂ
ಅಂಚು ತಪ್ಪಿದ್ದೊಂದು ಟಾವೆಲ್ಲು.
ಹೇಗೆ ಹೇಳಲಿ?
ಬಚ್ಚಲ ಬಾಗಿಲ ಸಂದಿಯಿಂದ ಕೈ ಚಾಚಿ
"ಅಪ್ಪಾ, ಒಂದು ಹಳೆ ಬನೀನು" ಅಂದೆ.

ಕೊಟ್ಟ. ಏನೂ ಕೇಳಲಿಲ್ಲ.
ಮಾಳಿಗೆ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಾಗ
ಹತ್ತಿರ ಬಂದು, ಹೆಗಲ ಮೇಲಿನ ಟಾವೆಲ್ಲಿನಿಂದ
ಉಗುರಲ್ಲಿ ಒಂದೆಳೆ ಎತ್ತಿ ತೋರಿಸಿದ.
"ಇದು ಕುಣಿಕಿ. ಮ್ಯಾಲಿನ ಎಳಿ ಬಿಗದ್ರ ಏಳೂದಿಲ್ಲ.
ಸಡ್ಲ ಬಿಡಬೇಕು, ತಾನ ಏಳ್ತದ.
ಸಪಾಟ ಅರಿವಿ ಎಲ್ಲಿ ನೀರ ಕುಡಿತದ?"
ಅಷ್ಟೇ. ಟಾವೆಲ್ಲಿನ ಮಾತು.
ಬೋಳುತಲೆ ಸವರಿಕೊಳ್ಳುತ್ತ ಇಳಿದು ಹೋದ.

ಬನೀನು ಈಗ ನನ್ನದೇ ಮೊಳೆಗೆ ತೂಗುತ್ತದೆ,
ಬಗಲಲ್ಲಿ ಎರಡು ತೂತು.
ಬಲಗಡೆ ಮೂರು ಸುತ್ತು ಚೆಂದ ಕೂರುತ್ತವೆ.
ಎಡಗಡೆ, ಮಲಗುವ ಮಗ್ಗುಲು,
ಇನ್ನೂ ಮಾತು ಕೇಳುವುದಿಲ್ಲ.

ಇವತ್ತು ನೋಡಿದರೆ
ಬಟ್ಟಲಲ್ಲಿ ಲೋಳೆ ಎರಡು ಚಮಚ ಕಮ್ಮಿ.
ಅವ್ವ ಸೆರಗು ಹೊದ್ದು ರೊಟ್ಟಿ ಬಡಿಯುತ್ತಿದ್ದಳು,
ಎಂದಿಗಿಂತ ಸ್ವಲ್ಪ ಮುಂದಕ್ಕೇ ಎಳೆದುಕೊಂಡು.
ನಾನು ಕೇಳಲಿಲ್ಲ.
ನಳ ಮತ್ತೆ ಗುರುವಾರ.